ಎಕ್ಸ್‌ಚೇಂಜ್ ಮೇಡಂ ಕೇಳಿದ ಮಧ್ಯಾಹ್ನ

ಫೋನ್ ಎತ್ತಿದರೆ ಅವರು ಹಲೋ ಅನ್ನುತ್ತಿರಲಿಲ್ಲ. "ಹೇಳಿ, ಯಾರು ಬೇಕಿತ್ತು?" ಅನ್ನುತ್ತಿದ್ದರು. ಅವರಿದ್ದದ್ದು ಒಬ್ಬರೇ, ಆ ಮನೆಯಲ್ಲಿ ಬೇರೆ ಯಾರೂ ಬೇಕಾಗುವಂತಿರಲಿಲ್ಲ. ಆದರೂ ಕೇಳುತ್ತಿದ್ದರು. ಪಕ್ಕದ ಮನೆಯಿಂದ ನಾನು, "ನೀವೇ ಬೇಕಿತ್ತು ಮೇಡಂ" ಅಂದರೆ, "ಇದ್ದೀನಿ, ಮಾತಾಡಿ" ಅನ್ನುತ್ತಿದ್ದರು. ಮೈಸೂರಿನ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಬೋರ್ಡಿನ ಮುಂದೆ ಕೂತು ಊರವರ ಮಾತಿಗೆಲ್ಲ ತಂತಿ ಜೋಡಿಸಿದವರು. ಕೆಲಸ ಹೋದರೂ ನಾಲಿಗೆಯ ಅಭ್ಯಾಸ ಹೋಗಿರಲಿಲ್ಲ.

ಒಂಟಿಕೊಪ್ಪಲಿನ ನಮ್ಮ ಬೀದಿಗೆ ಅವರು ಎಕ್ಸ್‌ಚೇಂಜ್ ಮೇಡಂ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಬರೆದರೆ ನಮ್ಮ ಬೀದಿಯವರು ಇದನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ, ಕೆಳಗೆ ಕೈಮುಗಿದ ಚಿತ್ರಗಳನ್ನು ಸಾಲಾಗಿ ಒತ್ತಿ, ಅಲ್ಲಿಗೆ ಮೇಡಂ ಋಣ ತೀರಿತೆಂದು ಮಲಗಿಬಿಡುತ್ತಾರೆ. ಆ ಸುಖವನ್ನು ಅವರಿಗೆ ಕೊಡಲು ನನಗೆ ಮನಸ್ಸಿಲ್ಲ. ಮೇಡಂ ತೀರಿಕೊಂಡು ವರ್ಷವಾಗುತ್ತ ಬಂತು. ದುಃಖ ಇಳಿದಿದೆ, ಸಿಟ್ಟು ಇಳಿದಿಲ್ಲ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು. ಸಿಟ್ಟನ್ನು ಅಂಕಿಅಂಶದ ಕೆಳಗೆ ಮುಚ್ಚಿಡುವ ವಿದ್ಯೆ ಗೊತ್ತು. ಈ ಸಲ ಮುಚ್ಚಿಡುವುದಿಲ್ಲ.

ಕುಳ್ಳಗಿದ್ದರು. ಕೂತರೆ ಬೆನ್ನು ಕುರ್ಚಿಗೆ ತಾಗುತ್ತಿರಲಿಲ್ಲ. ಯಾರಾದರೂ ಮಾತಾಡತೊಡಗಿದರೆ ಎಡಗಿವಿಯ ಮೇಲಿನ ಕೂದಲನ್ನು ಹಿಂದೆ ಸರಿಸಿಕೊಂಡು, ತಲೆಯನ್ನು ಕೊಂಚ ಆ ಕಡೆಗೆ ವಾಲಿಸಿ ಕೇಳುತ್ತಿದ್ದರು. ಅಷ್ಟು ಗಮನವಿಟ್ಟು ಕೇಳಿಸಿಕೊಳ್ಳುವವರು ಸಿಕ್ಕರೆ ನಮ್ಮಂಥ ನಿವೃತ್ತರು ಸುಮ್ಮನಿರುತ್ತೇವೆಯೇ? ಕೊರೆಯುತ್ತಿದ್ದೆವು. ಆದರೆ ಅವರ ತಾಳ್ಮೆಗೊಂದು ಅಳತೆ ಇತ್ತು. ಟ್ರಂಕ್ ಕಾಲ್ ಮೂರು ನಿಮಿಷಕ್ಕೆ ಮುಗಿಯಬೇಕು. ಮುಂದುವರಿಸಬೇಕಾದರೆ ಆಪರೇಟರ್‌ಗೆ ಹೇಳಬೇಕು. ಬೀದಿಯ ಸಂಘದ ಅಧ್ಯಕ್ಷರು, ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಸಜ್ಜನರು, ಸಭೆಯಲ್ಲಿ ಸ್ವಾಗತ ಭಾಷಣ ಎಳೆಯತೊಡಗಿದರೆ ಹಿಂದಿನ ಸಾಲಿನಿಂದ ಇವರ ದನಿ ಬರುತ್ತಿತ್ತು: "ಮೂರು ನಿಮಿಷ ಆಯ್ತು ಸರ್. ಮುಂದುವರಿಸ್ತೀರಾ?"

ಎಕ್ಸ್‌ಚೇಂಜಿನ ಕಥೆಗಳನ್ನು ತಾವಾಗಿ ಹೇಳುತ್ತಿರಲಿಲ್ಲ, ಕೆದಕಬೇಕು. ಒಮ್ಮೆ ಹೇಳಿದ್ದರು: ಯಾರದಾದರೂ ಸಾವಿನ ಸುದ್ದಿ ಮುಟ್ಟಿಸುವ ಕಾಲ್ ಬಂದರೆ ಸರದಿ ಮುರಿದು ಅದನ್ನೇ ಮೊದಲು ಹಾಕಿಕೊಡುತ್ತಿದ್ದರಂತೆ. ರೇಷ್ಮೆ ವ್ಯಾಪಾರಿ ಕಾಯಬೇಕು, ವಕೀಲರು ಕಾಯಬೇಕು. ಹಾಗೆ ಮಾಡಿದ್ದಕ್ಕೆ ಮೆಮೊ ಬರುತ್ತಿತ್ತಂತೆ.

"ಬಂದ್ರೆ ಬರಲಿ. ಮೆಮೊ ಕೊಡೋಕೆ ಅಂತ ಒಬ್ಬ ಮನುಷ್ಯ ಕೂತಿದ್ದ ಕಣ್ರೀ. ಅವನ ಮುಂದೆ ನಿಂತ್ಕೊಂಡು ಜಗಳ ಆಡಬಹುದಿತ್ತು. ಆಡ್ತಿದ್ವಿ. ಅವನೂ ಕೂಗಾಡ್ತಿದ್ದ. ಆಮೇಲೆ ಮೆಮೊ ಹರಿದುಹಾಕಿ, ಕಾಫಿ ಕುಡೀರಮ್ಮ ಅಂತಿದ್ದ."

ಆಮೇಲೆ ನೇರ ಡಯಲ್ ಮಾಡುವ ಯಂತ್ರ ಬಂತು. ಬೋರ್ಡು ಹೋಯಿತು. ಇವರನ್ನು ಬಿಲ್ ಕಟ್ಟಿಸಿಕೊಳ್ಳುವ ಕೌಂಟರಿಗೆ ಹಾಕಿದರು. ಕೊನೆಗೆ ಅದಕ್ಕೂ ಯಂತ್ರ ಬಂದು ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದರು. ಯಂತ್ರವನ್ನು ಅವರು ಬೈದದ್ದು ನಾನು ಕೇಳಿಲ್ಲ. "ಒಳ್ಳೇದೇ ಆಯ್ತು, ಜನಕ್ಕೆ ಕಾಯೋದು ತಪ್ಪಿತು. ಆದ್ರೆ ಮಧ್ಯ ಕೂತಿದ್ದೋರನ್ನ ಎಬ್ಬಿಸಿ ಕಳಿಸಿದ್ರಲ್ಲ, ಆ ಕುರ್ಚಿ ಖಾಲಿ ಬಿಟ್ಟುಬಿಟ್ರು. ಯಂತ್ರ ಇರಲಿ ಮೇಷ್ಟ್ರೇ, ಮಧ್ಯ ಒಬ್ರು ಇರಬೇಕು. ಬೈಯೋಕಾದ್ರೂ."

ಗ್ಯಾಸ್ ಏಜೆನ್ಸಿಗೋ ಬ್ಯಾಂಕಿಗೋ ಫೋನ್ ಮಾಡಿದಾಗ ರೆಕಾರ್ಡ್ ಮಾಡಿಟ್ಟ ಹೆಣ್ಣುದನಿ, ಒಂದನ್ನು ಒತ್ತಿ ಎರಡನ್ನು ಒತ್ತಿ ಅನ್ನತೊಡಗಿದರೆ ಇವರು ಸಮಾಧಾನವಾಗಿ ಕೇಳಿ, "ಅದೆಲ್ಲ ಆಯ್ತಮ್ಮ, ನಿಮ್ಮ ಸೂಪರ್‌ವೈಸರ್‌ಗೆ ಕೊಡು" ಅನ್ನುತ್ತಿದ್ದರು. ತಮಾಷೆಗಲ್ಲ. ಎಲ್ಲೋ ಒಬ್ಬರು ಕೇಳಿಸಿಕೊಳ್ಳುತ್ತಿರಬಹುದು ಅನ್ನುವ ನಂಬಿಕೆ ಅವರಿಗೆ ನಿಜವಾಗಿಯೂ ಇತ್ತು. ಅವರು ಸೋತದ್ದು ಈ ನಂಬಿಕೆಯಿಂದ. ನನಗೆ ಅದಿರಲಿಲ್ಲ, ಹಾಗಾಗಿ ನಾನು ಸೋಲಲೂ ಇಲ್ಲ, ಏನನ್ನೂ ಮಾಡಲೂ ಇಲ್ಲ.

ಬಿಸಿಲಿನ ಮಾತಿಗೆ ಬರುತ್ತೇನೆ. ನಾನು ಹುಡುಗನಾಗಿದ್ದಾಗ ಮೈಸೂರಿನಲ್ಲಿ ಫ್ಯಾನ್ ಇದ್ದ ಮನೆಯೆಂದರೆ ಸೊಳ್ಳೆ ಹೆಚ್ಚಿರುವ ಮನೆಯೆಂದು ಅರ್ಥ. ಬೇಸಿಗೆಗೆ ಯಾರೂ ಹೆದರುತ್ತಿರಲಿಲ್ಲ. ಬೆಂಗಳೂರಿನ ನೆಂಟರು ಬಂದರೆ ನಮ್ಮೂರಿನ ಗಾಳಿಯನ್ನು ನಾವೇ ತಯಾರಿಸಿದ್ದೇವೆ ಅನ್ನುವ ಹಾಗೆ ಬೀಗುತ್ತಿದ್ದೆವು. ಈಗ ಶಿವರಾತ್ರಿ ಕಳೆಯುವುದರೊಳಗೆ ತಾರಸಿ ಕಾದು, ರಾತ್ರಿಯೆಲ್ಲ ನೆತ್ತಿಯ ಮೇಲೆ ಬಾಣಲೆ ಇಟ್ಟಂತಿರುತ್ತದೆ. ದೊಡ್ಡ ರಸ್ತೆಯ ಸಾಲುಮರಗಳನ್ನು ಅಗಲೀಕರಣಕ್ಕೆಂದು ಕಡಿದರು. ಬೀದಿಯವರು ಬೇಸರಪಟ್ಟು ಗ್ರೂಪಿನಲ್ಲಿ ಫೋಟೊ ಹಾಕಿ, ಆಮೇಲೆ ಮನೆಮನೆಗೂ ಏಸಿ ಹಾಕಿಸಿಕೊಂಡರು. ಏಸಿ ಬಂದ ಮೇಲೆ ಮಧ್ಯಾಹ್ನ ಹೊರಗೆ ಕಾಲಿಡುವುದು ನಿಂತಿತು. ನಾವು ನಿಂತರೂ ಕೆಲಸ ನಿಲ್ಲುವುದಿಲ್ಲವಲ್ಲ. ನಮ್ಮ ಬದಲು ಬೇರೆಯವರು ಬಿಸಿಲಿಗೆ ಇಳಿದರು. ಊಟ, ಔಷಧಿ, ತರಕಾರಿ, ಕೊನೆಗೆ ಒಂದು ಕಟ್ಟು ಕೊತ್ತಂಬರಿ ಕೂಡ ಬೈಕಿನಲ್ಲಿ ಬರತೊಡಗಿತು.

ರಾಮನವಮಿಗೆ ನಮ್ಮ ಸಂಘ ಶಾಮಿಯಾನ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವುದು ಹಳೆಯ ಪದ್ಧತಿ. ದಾರಿಹೋಕರಿಗೆ ಅರವಟ್ಟಿಗೆ. ತೀರಿಕೊಳ್ಳುವ ಹಿಂದಿನ ವರ್ಷ, ಅದರ ಪೂರ್ವಭಾವಿ ಸಭೆಯಲ್ಲಿ ಮೇಡಂ ಎದ್ದು ನಿಂತರು.

"ರಾಮನವಮಿ ಒಂದು ದಿನ. ಬಿಸಿಲು ಮೂರು ತಿಂಗಳು. ಈ ಒಂದು ದಿನ ಯಾವ ಲೆಕ್ಕದಲ್ಲಿ ಬಂತು ಅಂತ ಯೋಚನೆ ಮಾಡಿದ್ದೀವಾ? ಆವಾಗಿನ ಬಿಸಿಲಿಗೆ ಆವಾಗಿನವರು ಒಂದು ವ್ಯವಸ್ಥೆ ಮಾಡಿದ್ರು. ಈಗಿನ ಬಿಸಿಲಿಗೆ ಈಗಿನವರು ಮಾಡ್ಬೇಕಲ್ವಾ?"

ದಿನಕ್ಕೊಂದು ಮನೆ ಸರದಿ ಹಿಡಿಯಲಿ, ಮಳೆ ಬರುವವರೆಗೂ ಅರವಟ್ಟಿಗೆ ನಡೆಯಲಿ ಅನ್ನುವುದು ಅವರ ಮಾತು. ಅಧ್ಯಕ್ಷರು, "ಅಗತ್ಯವಾಗಿ ಮಾಡೋಣ ಮೇಡಂ, ಬಹಳ ಒಳ್ಳೆಯ ವಿಚಾರ" ಅಂದರು. ಎಲ್ಲರೂ ತಲೆ ಆಡಿಸಿದರು. ಚಪ್ಪಾಳೆಯೂ ಬಿತ್ತು.

ಇಲ್ಲಿ ಮೈಸೂರಿನವರ ಬಗ್ಗೆ ಒಂದು ಮಾತು ಹೇಳಬೇಕು, ನಾನೂ ಮೈಸೂರಿನವನೇ. ನಮ್ಮಲ್ಲಿ ಎದುರಿಗೆ 'ಇಲ್ಲ' ಅನ್ನುವುದು ಅಸಭ್ಯತನ. 'ನೋಡೋಣಂತೆ' ಅಂದರೆ ಆಗುವುದಿಲ್ಲ ಎಂದು. 'ಮಾಡೋಣ ಬಿಡಿ' ಅಂದರೆ ಈ ಜನ್ಮದಲ್ಲಿಲ್ಲ. 'ಅಗತ್ಯವಾಗಿ' ಅಂದರೆ ದಯವಿಟ್ಟು ಇನ್ನು ಹೊರಡಿ. ಇದು ಎಲ್ಲರಿಗೂ ತಿಳಿದಿರುತ್ತದೆ, ಯಾರೂ ಯಾರ ಮೇಲೂ ಕೋಪಿಸಿಕೊಳ್ಳುವುದಿಲ್ಲ, ಜೀವನ ನಯವಾಗಿ ಸಾಗುತ್ತದೆ. ಇದೇ ಊರಿನಲ್ಲಿ ಹುಟ್ಟಿ ಬೆಳೆದ ಮೇಡಂಗೆ ಇದು ಹೇಗೆ ತಿಳಿಯಲಿಲ್ಲವೋ! ಎಕ್ಸ್‌ಚೇಂಜಿನಲ್ಲಿ ಮಾತು ಅಂದರೆ ಮಾತು. 'ಕೊಡಿ' ಅಂದರೆ ಕೊಡಬೇಕು, 'ಬೇಡ' ಅಂದರೆ ಕಿತ್ತುಹಾಕಬೇಕು. ಆ ಕಿವಿಯನ್ನೇ ಅವರು ಬೀದಿಗೂ ತಂದಿದ್ದರು.

ಸರದಿಯೇನೂ ನಡೆಯಲಿಲ್ಲ. ಅವರೇ ತಮ್ಮ ಗೇಟಿನ ಮುಂದಿನ ಹೊಂಗೆ ಮರದ ಕೆಳಗೆ ಗುಡಾಣ ಇಟ್ಟು, ದಿನವೂ ನೀರು ತುಂಬಿ, ಪಕ್ಕದಲ್ಲಿ ಒಂದು ಬೆಂಚು ಹಾಕಿದರು. ಸೊಪ್ಪಿನವಳು ಕೂತು ಕುಡಿದಳು. ಕೇಬಲ್ ಅಗೆಯುವವರು ಕುಡಿದರು. ಬೈಕಿನವರು ಮಾತ್ರ ನಿಲ್ಲಲಿಲ್ಲ. ಮುಖ ಕೆಂಡದಂತಾಗಿದ್ದರೂ ಗುಡಾಣ ನೋಡಿಕೊಂಡೇ ಹೋಗುತ್ತಿದ್ದರು.

ಮೇಡಂ ಒಂದು ದಿನ ಅಡ್ಡ ನಿಂತು ಒಬ್ಬನನ್ನು ತಡೆದರು. ನಾನು ನಮ್ಮ ವರಾಂಡದಲ್ಲಿದ್ದೆ. ಅವನು ಹುಡುಗನಲ್ಲ, ಐವತ್ತು ಮುಟ್ಟಿದವನು. ಹೆಸರು ಮಾದೇವ. ವರುಣದ ಕಡೆಯ ಹಳ್ಳಿಯವನು, ಇಲ್ಲೊಂದು ಕಾರ್ಖಾನೆಯಲ್ಲಿದ್ದ. ಅಲ್ಲಿ ಕೈ ಕೆಲಸವನ್ನೆಲ್ಲ ಯಂತ್ರಕ್ಕೆ ವಹಿಸಿದ ಮೇಲೆ ಬೈಕ್ ಹತ್ತಿದವನು.

"ಒಂದು ಲೋಟ ನೀರು ಕುಡಿಯೋಕೆ ಏನಪ್ಪ ನಿಮಗೆ? ವಿಷ ಹಾಕಿಲ್ಲ" ಅಂದರು ಮೇಡಂ.

"ಅಂಗಲ್ಲ ಕಣವ್ವ. ನಿಂತ್ಕಂಡ್ರೆ ಇದು ನೋಡ್ತಾ ಇರ್ತದೆ" ಅಂದು ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನು ತೋರಿಸಿದ. "ಲೇಟಾಯ್ತು ಅಂದ್ರೆ ರೇಟಿಂಗ್ ಬೀಳ್ತದೆ. ರೇಟಿಂಗ್ ಬಿದ್ರೆ ಆರ್ಡ್ರು ಕಮ್ಮಿ ಕೊಡ್ತದೆ. ನೀರ್ ಕುಡ್ಯಕೆ ನಿಂತಿದ್ದೆ ಅಂತ ಅದ್ಕೆ ಎಂಗೆ ಏಳದು?"

ಮೇಡಂ ಲೋಟವನ್ನು ಅವನ ಕೈಗೇ ಕೊಟ್ಟರು. ಬೈಕಿನ ಮೇಲೇ ಕೂತು ಗಟಗಟ ಕುಡಿದು ಹೋದ. ಅವರು ಖಾಲಿ ಲೋಟ ಹಿಡಿದು ನನ್ನ ಗೇಟಿಗೆ ಬಂದು ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ: "ಅರವಟ್ಟಿಗೆ ಇಟ್ಟವರು, ದಾರಿಯಲ್ಲಿ ಹೋಗೋನು ನಿಲ್ಲಬಹುದು ಅಂತ ಅಂದ್ಕೊಂಡು ಇಟ್ರು ಮೇಷ್ಟ್ರೇ. ನಿಲ್ಲೋಕೇ ಆಗದೋನಿಗೆ ನೀರಿಟ್ಟು ಏನು ಪ್ರಯೋಜನ?"

ಅಂದಿನಿಂದ ನೀರಿನ ಚಿಂತೆ ಬಿಟ್ಟು ನಿಲ್ಲುವುದರ ಚಿಂತೆ ಹಿಡಿಯಿತು ಅವರಿಗೆ. ಎಕ್ಸ್‌ಚೇಂಜಿನಲ್ಲಿ 'ರಿಲೀಫ್' ಅಂತ ಒಂದಿತ್ತಂತೆ. ಬದಲಿ ಬಂದು ಕೂರುವವರೆಗೆ ಯಾರೂ ಬೋರ್ಡು ಬಿಟ್ಟು ಏಳುವಂತಿಲ್ಲ. ಅದೇ ರೀತಿ, ಹೊತ್ತಿಗೆ ಸರಿಯಾಗಿ ಬದಲಿ ಕಳಿಸದೆ ಯಾರನ್ನೂ ಕೂರಿಸುವಂತಿಲ್ಲ. "ವ್ಯವಸ್ಥೆ ಅಂದ್ರೆ ಇಷ್ಟೇ ಅಲ್ವಾ? ಒಬ್ರಿಗೆ ಸುಸ್ತಾದಾಗ ಇನ್ನೊಬ್ರು ಹೊತ್ಕೊಳ್ಳೋದು. ಇವರಿಗೆ ರಿಲೀಫ್ ಕೊಡೋರು ಯಾರು?"

ನಾನು ಬೇಡಿಕೆ, ಪೂರೈಕೆ, ಸರಕಾರದ ನೀತಿ ಎಂದು ಏನೋ ಶುರು ಮಾಡಿದೆ. ಎರಡು ಬೆರಳೆತ್ತಿ ಗಾಳಿಯಲ್ಲಿ ತಂತಿ ಕಿತ್ತ ಹಾಗೆ ಮಾಡಿದರು. ನನ್ನ ಕಾಲ್ ಕಟ್ಟಾಯಿತು.

ಮೊದಲು ಮಾದೇವನಿಗೆ ಆರ್ಡರ್ ಕೊಡುವ ಕಂಪನಿಗೇ ಹೇಳುತ್ತೇನೆ ಅಂದರು. ತಮ್ಮ ಫೋನಿಗೆ ಅವರ ಆ್ಯಪ್ ಹಾಕಿಕೊಂಡು, ಸಹಾಯ ಅನ್ನುವಲ್ಲಿ ಒತ್ತಿ, ಒಂದೊಂದೇ ಅಕ್ಷರ ಹುಡುಕಿ ಬರೆದರು. ಮಳೆ ಬಂದರೆ ನಿಮ್ಮವರಿಗೆ ಕೊಂಚ ಹೆಚ್ಚು ದುಡ್ಡು ಕೊಡುತ್ತೀರಂತೆ, ಬಿಸಿಲಿಗೆ ಯಾಕಿಲ್ಲ? ಮಧ್ಯಾಹ್ನ ನೀರು ಕುಡಿಯಲು ನಿಂತರೆ ಹೊತ್ತು ಎಣಿಸಬೇಡಿ. ಕ್ಷಣದಲ್ಲಿ ಉತ್ತರ ಬಂತು: ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಆರ್ಡರ್ ನಂಬರ್ ತಿಳಿಸಿ. ಆರ್ಡರ್ ಮಾಡಿಲ್ಲ ಎಂದು ಬರೆದರು. ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಆರ್ಡರ್ ನಂಬರ್ ತಿಳಿಸಿ. ಒಂದು ಬೆಳಗ್ಗೆ ಪೂರ್ತಿ ಹೀಗೇ ನಡೆಯಿತು. ಮಧ್ಯ ಯಾರೂ ಇರಲಿಲ್ಲ. "ತಿನ್ನದೇ ಇರೋರ ದೂರು ಅವರು ತಗೊಳ್ಳೋದಿಲ್ಲ" ಅಂದು ಫೋನು ಮಡಿಲಿಗಿಟ್ಟುಕೊಂಡು ನಕ್ಕರು. ಆ ನಗು ಚೆನ್ನಾಗಿರಲಿಲ್ಲ.

ಕೊನೆಗೆ ಅವರಿಗೆ ಹೊಳೆದದ್ದು ನಾವು. ಮೇಲಿನವರು ಕೇಳಿಸಿಕೊಳ್ಳುವುದಿಲ್ಲ, ಮಾದೇವನಂಥವರು ಬೇಡವೆನ್ನುವ ಹಾಗಿಲ್ಲ, ಇನ್ನು ನಡುವೆ ಉಳಿದವರು ತರಿಸಿಕೊಳ್ಳುವವರೇ. ಬಿಸಿಲಿನ ಮೂರು ತಿಂಗಳು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಮ್ಮ ಬೀದಿಯವರು ಏನನ್ನೂ ತರಿಸಿಕೊಳ್ಳಬಾರದು. ಊಟ ಬೇಕಿದ್ದರೆ ಹನ್ನೆರಡರೊಳಗೆ ತರಿಸಿಟ್ಟುಕೊಂಡು ಬಿಸಿ ಮಾಡಿಕೊಂಡು ತಿನ್ನಲಿ. ಮಾದೇವನನ್ನು ತಡೆದು ಇದನ್ನೂ ಕೇಳಿದರು. ಅವನಿಗೆ ನಂಬಿಕೆ ಬರಲಿಲ್ಲ. "ಒಂದ್ ಬೀದಿ ಬುಟ್ರೆ ಇನ್ನೊಂದ್ ಬೀದಿಗೆ ಕಳುಸ್ತದೆ ಕಣವ್ವ. ಊಟದ್ ಹೊತ್ತಲ್ಲೇ ನಮ್ಗೂ ಅನ್ನ ಉಟ್ಟದು. ಆದ್ರೂ ಎಲ್ರೂ ಬೇಗ್ಲೆ ತರ್ಸ್ಕಂಡ್ರೆ ನಾವೂ ಒಸಿ ನೆಳ್ಳಲ್ಲಿ ಕುಂತ್ಕಬೋದು" ಅಂದ. ಆ ಕೊನೆಯ ಮಾತೊಂದೇ ಅವರಿಗೆ ಸಾಕಾಯಿತು. ಒಂದು ಬೀದಿ ಮಾಡಿ ತೋರಿಸಿದರೆ ಜಯಲಕ್ಷ್ಮಿಪುರಂನವರು ನೋಡುತ್ತಾರೆ, ಅವರನ್ನು ನೋಡಿ ಇನ್ನೊಬ್ಬರು. ಬದುಕಿನಲ್ಲಿ ಅವರು ಅಷ್ಟು ಆಸೆಯಿಂದ ಕೇಳಿದ್ದು ಇನ್ನೇನೂ ಇಲ್ಲವೆಂದು ನನ್ನ ಅನಿಸಿಕೆ.

ಗ್ರೂಪಿನಲ್ಲಿ ಒಂದು ಮಾತು ಹಾಕಿ ಅಂದೆ. "ಫೋನಲ್ಲಿ ಹೇಳಿದ್ರೆ ಕರೆದ ಹಾಗಾಗಲ್ಲ" ಅಂದರು. ಬೆಳ್ಳಿಯ ಕುಂಕುಮದ ಬಟ್ಟಲು ಹಿಡಿದು, ಮದುವೆಗೆ ಕರೆಯುವವರಂತೆ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಒಂದೊಂದೇ ಮನೆಗೆ ಹೋದರು. ಹೆಂಗಸರಿಗೆ ಕುಂಕುಮ ಕೊಡುವುದು, ಅಕ್ಷತೆ ಕೊಡುವುದು, ಆಮೇಲೆ ವಿಷಯ ಹೇಳುವುದು. ಹೊಸ್ತಿಲಿಗೆ ಕುಂಕುಮ ಹಿಡಿದು ಬಂದವರಿಗೆ ಇಲ್ಲ ಅನ್ನುವ ಗಂಡಸಾಗಲಿ ಹೆಂಗಸಾಗಲಿ ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲ ಮನೆಯವರೂ ಒಪ್ಪಿದರು. ಕೆಲವರು ಕಾಲು ಮುಟ್ಟಿ ನಮಸ್ಕರಿಸಿದರು. ಮೇಡಂ ವಾಪಸಾದಾಗ ಮುಖ ಅರಳಿತ್ತು.

"ನೋಡಿದ್ರಾ, ಒಬ್ರೂ ಬೇಡ ಅನ್ನಲಿಲ್ಲ."

"ಅದೇ ನನಗೆ ಹೆದರಿಕೆ" ಅಂದೆ.

"ನಿಮಗೆ ಜನರ ಮೇಲೆ ನಂಬಿಕೆ ಇಲ್ಲ ಮೇಷ್ಟ್ರೇ" ಅಂದರು. ಅವರು ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ಹೊರಗಿನಿಂದ ತರಿಸುವ ರೂಢಿ ಇರಲಿಲ್ಲ. ಅದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ನನ್ನ ಹೆಂಡತಿಗೆ ಹೋಟೆಲಿನ ಎಣ್ಣೆ ಆಗಿಬರುವುದಿಲ್ಲ.

ಆಶ್ಚರ್ಯವೆಂದರೆ, ಮರುದಿನದಿಂದ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಂದು ಬೈಕೂ ಕಾಣಲಿಲ್ಲ. ಮೇಡಂ ಹೊಂಗೆ ಮರದ ಕೆಳಗೆ ಬೆಂಚಿನ ಮೇಲೆ ಕೂತು ಖಾಲಿ ಬೀದಿಯನ್ನು ಕಣ್ತುಂಬ ನೋಡುತ್ತಿದ್ದರು. ನಾನೂ, ಪರವಾಗಿಲ್ಲ, ನನ್ನ ಲೆಕ್ಕ ತಪ್ಪಿತು ಎಂದುಕೊಂಡೆ. ತಪ್ಪಿದ್ದಕ್ಕೆ ಸಂತೋಷವನ್ನೂ ಪಟ್ಟೆ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಇಕ್ಕಟ್ಟಾದ ಓಣಿ ಇರುತ್ತದೆ. ಕನ್ಸರ್ವೆನ್ಸಿ ಅನ್ನುತ್ತೇವೆ. ಒಂದು ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಬಿಟ್ಟ ದಾರಿ. ಒಳಚರಂಡಿ ಬಂದ ಮೇಲೆ ಅತ್ತ ಯಾರೂ ತಲೆ ಹಾಕಿರಲಿಲ್ಲ; ಒಡೆದ ಇಟ್ಟಿಗೆ, ಮುಳ್ಳು, ಹಳೆಯ ಕಮೋಡು ಬಿದ್ದಿರುತ್ತಿದ್ದವು. ನೆರಳು ಕೊಡುವ ಒಂದು ಗಿಡವೂ ಇಲ್ಲ. ಒಂದು ಮಧ್ಯಾಹ್ನ ಮೇಡಂ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯಲು ಹೋದವರು ಗೋಡೆಯಾಚೆ ಬೈಕಿನ ಸದ್ದು ಕೇಳಿ, ಹಿಂಬಾಗಿಲು ತೆಗೆದರು. ಮಾದೇವ ಇಟ್ಟಿಗೆಯ ರಾಶಿಯ ನಡುವೆ ಬೈಕನ್ನು ತಳ್ಳಿಕೊಂಡು ಬರುತ್ತಿದ್ದ. ಅಂಗಿ ಮೈಗೆ ಅಂಟಿತ್ತು. ನನ್ನನ್ನು ಕೂಗಿ ಕರೆದರು. ನಾನು ಹೋದೆ.

"ಇಲ್ಲಿಂದ ಯಾಕಪ್ಪ?"

"ಮುಂದ್ಗಡೆಯಿಂದ ಬರ್ಬೇಡಿ, ಇಂದ್ಲ ಗಲ್ಲಿಯಿಂದ ಬನ್ನಿ, ಬೆಲ್ ಮಾಡ್ಬೇಡಿ ಅಂತ ಬರ್ದವ್ರೆ ಕಣವ್ವ." ಫೋನು ತೋರಿಸಿದ. "ಇವ್ರೊಬ್ರೇ ಅಲ್ಲ. ಈ ಬೀದಿ ಎಲ್ಲಾರ್ದೂ ಈಗ ಇಂಗೇಯ. ನಿಮ್ಗೆ ಬೇಜಾರಾಯ್ತದೆ ಅಂತ ಏಳಿದ್ರು ಒಬ್ರು."

ಮೇಡಂ ಕೈ ಎಡಗಿವಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಅಧ್ಯಕ್ಷರ ಮನೆಯ ಹಿಂಬಾಗಿಲು ಸ್ವಲ್ಪವೇ ತೆರೆದು, ಬಳೆ ತೊಟ್ಟ ಒಂದು ಕೈ ಹೊರಗೆ ಬಂದು ಪೊಟ್ಟಣ ತೆಗೆದುಕೊಂಡು, ಬಾಗಿಲು ಮುಚ್ಚಿತು. ಮೇಡಂ ಮನಸ್ಸು ನೋಯಿಸಬಾರದೆಂದು ನಮ್ಮ ಬೀದಿಯವರು ಪಟ್ಟ ಶ್ರಮ ಅದು. ಅದನ್ನು ಸೌಜನ್ಯ ಅನ್ನುತ್ತಾರೆ. ಅಂಥ ಸೌಜನ್ಯಕ್ಕಿಂತ ಅವರ ಮುಖದ ಮೇಲೆ ಬಾಗಿಲು ಹಾಕಿದ್ದರೆ ಎಷ್ಟೋ ಮರ್ಯಾದೆಯಾಗಿರುತ್ತಿತ್ತು.

ಸಂಜೆ ಅವರು ಮತ್ತೆ ಅದೇ ಸೀರೆ ಉಟ್ಟು ಅದೇ ಬಟ್ಟಲು ಹಿಡಿದು ಹೊರಟರು. ಬೇಡಿ ಅಂದೆ, ಕೇಳಲಿಲ್ಲ. ಪ್ರತಿ ಮನೆಯ ಮುಂದೆ ನಿಂತು, ಕುಂಕುಮ ಕೊಟ್ಟು, "ನಿಮ್ಮ ಮಾತು ನಿಮಗೆ ವಾಪಸ್ ಕೊಟ್ಟಿದ್ದೀನಿ. ಯಾವ ಹೊತ್ತಿಗೆ ಬೇಕಾದ್ರೂ ತರಿಸ್ಕೊಳ್ಳಿ. ಮುಂದಿನ ಬಾಗಿಲಿಂದ ತರಿಸ್ಕೊಳ್ಳಿ, ಅಷ್ಟೇ" ಅಂದರಂತೆ. ಎಲ್ಲರೂ, "ಅಯ್ಯೋ, ಏನೂ ಪರವಾಗಿಲ್ಲ ಮೇಡಂ, ಆಗಲಿ" ಅಂದರಂತೆ. ಒಬ್ಬರ ಮುಖವೂ ಕೆಂಪಾಗಲಿಲ್ಲ.

ಮುಂಬಾಗಿಲಿಗೆ ಆಮೇಲೂ ಯಾರೂ ಬರಲಿಲ್ಲ. ಒಮ್ಮೆ ಬರೆದಿಟ್ಟ ವಿಳಾಸವನ್ನು ಫೋನು ನೆನಪಿಟ್ಟುಕೊಳ್ಳುತ್ತದೆ. ಅದನ್ನು ಬದಲಿಸಬೇಕಾದರೆ ಬೆರಳು ಆಡಿಸಬೇಕು. ಅಷ್ಟು ಕಷ್ಟವನ್ನು ಯಾರು ಪಡುತ್ತಾರೆ? ಹಿಂದಿನ ಓಣಿ ಅನುಕೂಲವೂ ಆಗಿತ್ತು. ಮುಂದೆ ಬೆಲ್ಲಿನ ಗದ್ದಲವಿಲ್ಲ, ಗೇಟಿನ ಮುಂದೆ ಬೈಕು ನಿಲ್ಲುವುದಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಕನ್ಸರ್ವೆನ್ಸಿಗೆ ಸಿಮೆಂಟ್ ಹಾಕಿಸಬೇಕೆಂಬ ಸಲಹೆ ಬಂತು. ಮೇಡಂ ಆ ಸಭೆಗೆ ಹೋಗಿರಲಿಲ್ಲ. ಅವರು ಆಮೇಲೆ ಯಾವ ಸಭೆಗೂ ಹೋಗಲಿಲ್ಲ. ಗುಡಾಣವನ್ನು ಮಾತ್ರ ಮುಂದಿನಿಂದ ಹಿಂದಕ್ಕೆ ಸಾಗಿಸಿ, ತಮ್ಮ ಹಿಂಬಾಗಿಲಿನ ಪಕ್ಕ ಇಟ್ಟು, ಲೋಟ ಹಿಡಿದು ನಿಲ್ಲುತ್ತಿದ್ದರು. ಬೈಕಿನವರು ಅದನ್ನು ಕೂತಲ್ಲೇ ಇಸಿದುಕೊಂಡು ಕುಡಿದು ಹೋಗುತ್ತಿದ್ದರು. ಎಪ್ಪತ್ತರ ಹೆಂಗಸು, ಸುಡು ಬಿಸಿಲಿನಲ್ಲಿ, ಇಟ್ಟಿಗೆ ಚೂರುಗಳ ನಡುವೆ. ಬೀದಿಯವರಿಗೆ ಅದೂ ಕಾಣಲಿಲ್ಲ, ಏಕೆಂದರೆ ಆ ಓಣಿಯ ಗುಣವೇ ಅದು.

ಮರುವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಅವರು ಏಳಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಮಂಡ್ಯದಿಂದ ತಂಗಿ ಬಂದರು. ಮುಂದಿನ ಅಂಗಳದಲ್ಲಿ ಮಲಗಿಸಿ ಶಾಮಿಯಾನ ಹಾಕಿದರು. ಬೀದಿಯವರೆಲ್ಲ ಬಂದರು, ಅತ್ತರು. ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತರು. ಇದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅಡುಗೆ ಮಾಡಿ ತಂದು ಮನೆಯವರಿಗೆ ಬಡಿಸಬೇಕು. ನಮ್ಮಲ್ಲಿ ಯಾರೂ ಬಿಡದ ಪದ್ಧತಿ. ನನ್ನ ಹೆಂಡತಿ ಅನ್ನ, ತಿಳಿಸಾರು ಮಾಡಿದಳು. ಉಳಿದವರೂ ತರುತ್ತೇವೆ ಅಂದಿದ್ದರು. ಪಕ್ಕದ ಮನೆಯಲ್ಲವೇ, ಎಲ್ಲವನ್ನೂ ನಮ್ಮ ವರಾಂಡದಲ್ಲಿ ಇಡುವುದೆಂದಾಯಿತು. ಬಿಸಿಲು ನೆತ್ತಿಗೆ ಬಂದಾಗ ಒಬ್ಬೊಬ್ಬರೇ ತಲೆ ತಗ್ಗಿಸಿ, ಸ್ಟೀಲಿನ ಕ್ಯಾರಿಯರ್ ಹಿಡಿದು, ಮುಂದಿನ ಬೀದಿಯಿಂದ ನಿಧಾನವಾಗಿ ನಡೆದು ಬಂದರು. ಹೆಂಡತಿ ಮುಚ್ಚಳ ತೆಗೆದು ನೋಡಿದಳು. ಒಂದು ಮನೆಯದು ಮೊಸರನ್ನ, ಮೇಲೆ ದಾಳಿಂಬೆ ಕಾಳು. ಇನ್ನೊಂದು ಮನೆಯದೂ ಮೊಸರನ್ನ, ಮೇಲೆ ಅದೇ ದಾಳಿಂಬೆ. ಅಧ್ಯಕ್ಷರ ಮನೆಯ ಕ್ಯಾರಿಯರ್‌ನಲ್ಲೂ ಅದೇ. ಅವಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹಿಂದುಗಡೆಯಿಂದ ಬೈಕುಗಳ ಸದ್ದು ಕೇಳಿತು.

ಹಿಂಬಾಗಿಲು ತೆಗೆದೆ. ಕನ್ಸರ್ವೆನ್ಸಿಯ ಉದ್ದಕ್ಕೂ ಬೈಕುಗಳು. ಹಿಂಬಾಗಿಲುಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಮಾದೇವ ಮೇಡಂ ಮನೆಯ ಹಿಂದೆ ನಿಂತು, ಖಾಲಿ ಗುಡಾಣದೊಳಗೆ ಇಣುಕುತ್ತಿದ್ದ.

"ಇವತ್ತು ಅವ್ವ ಇಲ್ವಾ ಸಾ? ಈ ಬೀದಿಗೆ ಎಷ್ಟೊಂದ್ ಆರ್ಡ್ರು, ಏನಾರ ಪಂಕ್ಸನ್ನಾ?"

ಹೇಳಿದೆ. ಅವನು ಹೆಲ್ಮೆಟ್ ತೆಗೆದ. ಕೈಯಲ್ಲಿದ್ದ ಪೊಟ್ಟಣ ನೋಡಿದ, ಆಮೇಲೆ ಸಾಲಾಗಿ ನಿಂತ ಬೈಕುಗಳನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ನನಗೆ ಅವನ ಮುಖ ನೋಡಲಾಗಲಿಲ್ಲ.

"ಒಂದ್ಸಲ ಮಕ ನೋಡ್ಬೋದಾ ಸಾ?"

"ಬಾ. ಮುಂದಿನ ಬಾಗಿಲಿಂದ ಬಾ."

ಫೋನು ಕೂಗಿತು. ಅವನು ಅದನ್ನೂ ನನ್ನನ್ನೂ ನೋಡಿ, "ಇದ್ ಕೊಟ್ಬುಟ್ಟು, ಇನ್ನೊಂದ್ ಅದೆ ಇಲ್ಲೇ ಯಾದ್ವಗಿರಿ ತಾವ, ಅದ್ನೂ ಕೊಟ್ಬುಟ್ಟು ಬಂದ್ಬುಡ್ತೀನಿ. ಅಲ್ಲೀಗಂಟ ಎತ್ತಬ್ಯಾಡಿ ಅಂತ ಒಸಿ ಏಳಿ ಸಾ" ಅಂದು ಹೊರಟ.

ನಾನು ಮುಂದಕ್ಕೆ ಬಂದು ಅಧ್ಯಕ್ಷರಿಗೆ ಹೇಳಿದೆ. ಮೇಡಂಗೆ ಬೇಕಾದವರೊಬ್ಬರು ಬರುತ್ತಿದ್ದಾರೆ, ಸ್ವಲ್ಪ ಹೊತ್ತು ಕಾಯಿರಿ ಎಂದೆ. ಅವರು ಒದ್ದೆಗಣ್ಣಿನಲ್ಲಿ ನನ್ನ ಕೈ ಹಿಡಿದುಕೊಂಡರು. "ಅಗತ್ಯವಾಗಿ ಮೇಷ್ಟ್ರೇ, ಕಾಯೋಣ."

ಹೆಣ ಸಾಗಿಸುವ ವ್ಯಾನಿನವನಿಗೆ ಮುಂದಿನ ಕರೆ ಬಂದಿತ್ತು, ಗಡಿಯಾರ ನೋಡುತ್ತಿದ್ದ. ನಾನು ಒಳಗೆ ಹೋಗಿ ಮೇಡಂ ತಂಗಿಗೆ ನೀರು ಕೊಟ್ಟು ಬರುವುದರಲ್ಲಿ ಎತ್ತಿಬಿಟ್ಟಿದ್ದರು. ಹೂವಿನ ಹಾರಗಳನ್ನು ಸರಿಮಾಡುತ್ತ ಅಧ್ಯಕ್ಷರೇ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದರು. ನಾನೂ ಹತ್ತಿದೆ.

ಬೀದಿ ಮುಗಿದು ದೊಡ್ಡ ರಸ್ತೆಗೆ ತಿರುಗುವಲ್ಲಿ ಮಾದೇವ ಎದುರಿಗೆ ಬಂದ. ಇಕ್ಕಟ್ಟಾದ ತಿರುವು, ನಮ್ಮ ವ್ಯಾನಿಗೆ ದಾರಿ ಬಿಡಲೆಂದು ಬೈಕನ್ನು ಅಂಚಿಗೆ ತಂದು, ಒಂದು ಕಾಲೂರಿ ನಿಂತ. ತಾನು ಬರುವವರೆಗೆ ಎತ್ತುವುದಿಲ್ಲವೆಂದು ನಂಬಿದ್ದವನಿಗೆ ಒಳಗಿರುವುದು ಯಾರೆಂದು ತಿಳಿಯಲಿಲ್ಲ. ಯಾವ ಹೆಣ ಹೋದರೂ ಮಾಡುವಂತೆ, ಎದೆ ಮುಟ್ಟಿಕೊಂಡು ತಲೆ ಬಾಗಿಸಿದ. ನಾನು ಗಾಜನ್ನು ಬಡಿದೆ, ಅದು ತೆರೆಯುವ ಗಾಜಾಗಿರಲಿಲ್ಲ. ನಾವು ದಾಟುತ್ತಲೇ ಅವನು ತಡವಾಗಬಾರದೆಂದು ಜೋರಾಗಿ ನಮ್ಮ ಬೀದಿಯೊಳಕ್ಕೆ ತಿರುಗಿಸಿದ.